ಕ್ಯಾನಿನಿಂದ ಮೈಕ್ರೋಲೈಟಿಗೆ ಪೆಟ್ರೋಲ್: ಸ್ಟ್ಯಾಟಿಕ್ (ಉಜ್ಜಿದಾಗ ಕೂಡುವ ವಿದ್ಯುತ್) ಕಿಡಿ ತಡೆಯಲು ನೆಲಕ್ಕೆ ಒಂದು ವೈರ್ ಹಾಕಿದರೆ ಸಾಕಾ?

ಬೆಟ್ಟದಗಾಳಿ

ಪೊನ್ನಂಪೇಟೆ ಕಡೆ ಗದ್ದೆ ಪಕ್ಕದ ಹುಲ್ಲಿನ ರನ್‌ವೇ. ಇಬ್ಬರು ಕೂರುವ ಟ್ರೈಕ್ ಮೈಕ್ರೋಲೈಟ್ (ಮೂರು ಚಕ್ರದ ತೀರಾ ಹಗುರ ವಿಮಾನ), ಎಂಜಿನ್ ರೋಟ್ಯಾಕ್ಸ್ 582, ಸೀಟಿನ ಕೆಳಗೆ ಪ್ಲಾಸ್ಟಿಕ್ ಟ್ಯಾಂಕ್. ಪೆಟ್ರೋಲ್ ಗೋಣಿಕೊಪ್ಪಲಿನಿಂದ ಪಿಕಪ್ಪಿನಲ್ಲಿ ಬರುತ್ತದೆ, 20 ಲೀಟರಿನ ಎರಡು ಪ್ಲಾಸ್ಟಿಕ್ ಕ್ಯಾನು. ಟೂ ಸ್ಟ್ರೋಕ್ ಆಯಿಲನ್ನು ಕ್ಯಾನಿಗೇ ಹಾಕಿ ಕುಲುಕಿ, ಫನೆಲ್ ಮೇಲೆ ಶಾಮಿ ಲೆದರ್ ಹಾಸಿ ಸೋಸಿ ಸುರಿಯುವುದು ಈಗಿನ ಪದ್ಧತಿ. ನೆಲಕ್ಕೆ ಕಬ್ಬಿಣದ ಸರಳು ಹೊಡೆದು ಅದರಿಂದ ಚಕ್ರದ ಹತ್ತಿರದ ಅಲ್ಯೂಮಿನಿಯಂ ಪೈಪಿಗೆ ಒಂದು ವೈರ್ ಕ್ಲಿಪ್ ಮಾಡಿದೆ.

ಜನವರಿ ಕಳೆದ ಮೇಲೆ ಮಧ್ಯಾಹ್ನದ ಹೊತ್ತು ಕ್ಯಾನ್ ಹಿಡಿದುಕೊಂಡು ವಿಮಾನ ಮುಟ್ಟಿದರೆ ಬೆರಳಿಗೆ ಚುರುಕ್ ಅನ್ನುತ್ತದೆ. ಕೆಲವರು "ಕೊಡಗಿನ ತೇವಕ್ಕೆ ಸ್ಟ್ಯಾಟಿಕ್ ಎಲ್ಲಿ ನಿಲ್ಲುತ್ತೆ, ಬಿಡಿ" ಅನ್ನುತ್ತಾರೆ. ಈ ಒಂದು ವೈರ್ ಸಾಕಾ? ಫನೆಲ್ ಯಾವುದು ಇರಬೇಕು? ಕ್ಲಿಪ್ ಎಲ್ಲಿ ಹಾಕಬೇಕು? ಗೊತ್ತಿರುವವರು ಬಿಡಿಸಿ ಹೇಳಿ.

ರೆಕ್ಕೆ_ಮೆಕ್ಯಾನಿಕ್

ಸಾಕಾಗುವುದಿಲ್ಲ ಅಣ್ಣಾ. ನಿಮ್ಮ ವೈರ್ ವಿಮಾನವನ್ನು ನೆಲಕ್ಕೆ ಸೇರಿಸಿದೆ, ಆದರೆ ಕಿಡಿ ಹಾರುವುದು ವಿಮಾನಕ್ಕೂ ನೆಲಕ್ಕೂ ನಡುವೆ ಅಲ್ಲ. ಕ್ಯಾನಿಗೂ ಫನೆಲ್ಲಿಗೂ ನಡುವೆ, ಫನೆಲ್ಲಿಗೂ ಟ್ಯಾಂಕಿನ ಬಾಯಿಗೂ ನಡುವೆ, ಇಲ್ಲವೇ ನಿಮ್ಮ ಕೈಗೂ ಮುಚ್ಚಳಕ್ಕೂ ನಡುವೆ ಹಾರುತ್ತದೆ. ಅಂದರೆ ಪೆಟ್ರೋಲ್ ಆವಿ ಇರುವ ಜಾಗದಲ್ಲೇ. ಹಾಗಾಗಿ ಮೊದಲು ಬೇಕಾದದ್ದು ಬಾಂಡಿಂಗ್: ಕ್ಯಾನು, ಫನೆಲ್, ವಿಮಾನ, ಮನುಷ್ಯ, ನಾಲ್ಕೂ ಒಂದೇ ವೋಲ್ಟೇಜಿನಲ್ಲಿ ಇರುವ ಹಾಗೆ ಒಂದಕ್ಕೊಂದು ಜೋಡಿಸುವುದು. ಅರ್ಥಿಂಗ್ ಅದರ ನಂತರದ್ದು. ವಿಮಾನಕ್ಕೆ ಇಂಧನ ತುಂಬುವ ಬಗೆಗಿನ ಎನ್‌ಎಫ್‌ಪಿಎ 407 (ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯದು) ನಿಯಮಾವಳಿಯೂ ಪಟ್ಟು ಹಿಡಿಯುವುದು ಬಾಂಡಿಂಗಿಗೇ.

ಆ "ಚುರುಕ್" ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ ನೋಡಿ. ಬೆರಳಿಗೆ ತಿಳಿಯುವ ಹೊಡೆತಕ್ಕೆ ಮೈಯಲ್ಲಿ 2,000ದಿಂದ 3,000 ವೋಲ್ಟ್ ಕೂಡಿರಬೇಕು. ಮನುಷ್ಯನ ಮೈಯ ಕೆಪ್ಯಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಶಕ್ತಿ) ಸುಮಾರು 150 ಪಿಕೋಫ್ಯಾರಡ್. ಅರ್ಧ ಸಿ ವಿ ಸ್ಕ್ವೇರ್ ಪ್ರಕಾರ 3,000 ವೋಲ್ಟಿಗೆ 0.67 ಮಿಲಿಜೂಲ್ ಆಯಿತು. ಪೆಟ್ರೋಲ್ ಆವಿ ಗಾಳಿಯ ಜೊತೆ ಹದವಾಗಿ ಬೆರೆತಿದ್ದರೆ ಹೊತ್ತಿಕೊಳ್ಳಲು ಸುಮಾರು 0.2 ಮಿಲಿಜೂಲ್ ಸಾಕು. ಬೆರಳಿಗೆ ತಿಳಿಯಿತು ಅಂದರೆ ಅಗತ್ಯಕ್ಕಿಂತ ಮೂರು ಪಟ್ಟು ದೊಡ್ಡ ಕಿಡಿ ಆಗಲೇ ಹಾರಿದೆ. ಅಲ್ಲಿ ಆವಿ ಇರಲಿಲ್ಲ, ಅಷ್ಟೇ. ಪೆಟ್ರೋಲಿನ ಫ್ಲ್ಯಾಶ್ ಪಾಯಿಂಟ್ (ಹೊತ್ತಿಕೊಳ್ಳುವಷ್ಟು ಆವಿ ಏಳಲು ಶುರುವಾಗುವ ಉಷ್ಣತೆ) ಮೈನಸ್ 40 ಡಿಗ್ರಿ ಆಸುಪಾಸು, ಆದ್ದರಿಂದ ಮಡಿಕೇರಿಯ ಡಿಸೆಂಬರ್ ಚಳಿಯಲ್ಲೂ ಟ್ಯಾಂಕಿನ ಬಾಯಲ್ಲಿ ಆವಿ ಇದ್ದೇ ಇರುತ್ತದೆ. ಅದು ಗಾಳಿಗಿಂತ ಭಾರ, ಹರಿದು ಹೋಗಿ ತಗ್ಗಿನಲ್ಲಿ ನಿಲ್ಲುತ್ತದೆ.

ಚಾರ್ಜ್ ಹುಟ್ಟುವುದು ಪೆಟ್ರೋಲ್ ಹರಿಯುವುದರಿಂದಲೇ. ಪೈಪಿನ ಗೋಡೆಗೆ, ಜಾಲರಿಗೆ ಉಜ್ಜಿಕೊಂಡು ಹೋದಾಗ ಚಾರ್ಜ್ ಬೇರೆಯಾಗುತ್ತದೆ. ಸೋಸುವ ಪದರದ ಕಣ್ಣು ಸಣ್ಣದಾದಷ್ಟೂ ಇದು ಹತ್ತಾರು ಪಟ್ಟು ಏರುತ್ತದೆ. ಎತ್ತರದಿಂದ ಚಿಮ್ಮಿಸಿ ಸುರಿದರೆ ಇನ್ನೂ ಹೆಚ್ಚು.

ಈಗ ಕ್ರಮ. ಎಂಜಿನ್ ಆಫ್, ಮ್ಯಾಗ್ನೆಟೋ ಸ್ವಿಚ್ ಎರಡೂ ಆಫ್, ಸೀಟಿನಲ್ಲಿ ಯಾರೂ ಇರಬಾರದು. ಹಾರಿ ಬಂದ ಕೂಡಲೇ ತುಂಬಬೇಡಿ, ಸೈಲೆನ್ಸರ್ ಹತ್ತಿರ ಕೈ ಹಿಡಿದರೆ ಕಾವು ತಾಗದಷ್ಟು ಆರಲಿ. ಶೆಡ್ಡಿನೊಳಗೆ ಬೇಡ, ಬಯಲಿನಲ್ಲಿ, ಗಾಳಿ ನಿಮ್ಮ ಬೆನ್ನಿಗೆ ಬರುವ ಹಾಗೆ ನಿಲ್ಲಿ. ಕ್ಯಾನ್ ನೆಲದ ಮೇಲಿರಲಿ. ಮೊದಲು ಸರಳಿನಿಂದ ವಿಮಾನಕ್ಕೆ ಕ್ಲಿಪ್. ಆಮೇಲೆ ವಿಮಾನದಿಂದ ಕ್ಯಾನಿಗೆ. ಮೂರನೆಯದು ವಿಮಾನದಿಂದ ಫನೆಲ್ಲಿಗೆ. ಬರಿಗೈಯಲ್ಲಿ ವಿಮಾನದ ಬರಿಯ ಲೋಹವನ್ನು ಮುಟ್ಟಿ. ಇಷ್ಟೂ ಆದ ಮೇಲೆಯೇ ಮುಚ್ಚಳ ತೆಗೆಯಬೇಕು. ಕ್ಲಿಪ್ ಹಾಕುವ ಕ್ಷಣದಲ್ಲೂ ಕಿಡಿ ಹಾರಬಹುದು, ಆಗ ಟ್ಯಾಂಕ್ ತೆರೆದಿರಬಾರದು. ಸುರಿಯುವಾಗ ಕ್ಯಾನಿನ ಮೂತಿ ಫನೆಲ್ ಅಂಚಿಗೆ ಒತ್ತಿಕೊಂಡೇ ಇರಲಿ. ಮುಗಿದ ಮೇಲೆ ಅರ್ಧ ನಿಮಿಷ ಸುಮ್ಮನಿದ್ದು ಫನೆಲ್ ಎತ್ತಿ, ಎರಡೂ ಮುಚ್ಚಳ ಬಿಗಿ ಮಾಡಿ, ಆಮೇಲೆ ಕ್ಲಿಪ್ಪುಗಳನ್ನು ಹಾಕಿದ್ದಕ್ಕೆ ಉಲ್ಟಾ ಕ್ರಮದಲ್ಲಿ ತೆಗೆಯಿರಿ. ನೆಲದ ವೈರ್ ಕಡೆಯದು.

ವೈರಿಂಗ್_ಕುಶಾಲನಗರ

ಮೇಲಿನವರು ಹೇಳಿದ್ದು ಸರಿ. ಕ್ಲಿಪ್ ವಿಷಯ ನಾನು ಸೇರಿಸುತ್ತೇನೆ, ಇಲ್ಲೇ ಹೆಚ್ಚು ಜನ ಎಡವುವುದು.

ಟ್ರೈಕಿನ ಅಲ್ಯೂಮಿನಿಯಂ ಪೈಪು ಸಾಮಾನ್ಯವಾಗಿ ಅನೋಡೈಸ್ ಮಾಡಿದ್ದು (ಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸಿದ್ದು), ಇಲ್ಲ ಪೌಡರ್ ಕೋಟಿಂಗ್ ಇರುವುದು. ಎರಡೂ ಇನ್ಸುಲೇಟರ್. ನೋಡಲು ಬೆಳ್ಳಗೆ ಲೋಹದ ಹಾಗೇ ಇರುತ್ತದೆ, ಆದರೆ ಮಲ್ಟಿಮೀಟರ್ ಇಟ್ಟರೆ ಓಪನ್, ಅಂದರೆ ಸಂಪರ್ಕ ಇಲ್ಲ ಅಂತ ತೋರಿಸುತ್ತದೆ. ನಿಮ್ಮ ಕ್ಲಿಪ್ ಈಗ ಇರುವುದು ಅಂಥ ಪೈಪಿನ ಮೇಲೆ ಆಗಿದ್ದರೆ ವೈರ್ ಇದ್ದೂ ಇಲ್ಲದ ಹಾಗೆ. ಮೊದಲು ಅದನ್ನು ಪರೀಕ್ಷೆ ಮಾಡಿ.

ಎರಡನೆಯದು, ಎಂಜಿನ್ ರಬ್ಬರ್ ಬುಷ್ ಮೇಲೆ ಕೂತಿರುತ್ತದೆ. ಎಂಜಿನ್ನಿಂದ ಫ್ರೇಮಿಗೆ ಹೆಣೆದ ತಾಮ್ರದ ಪಟ್ಟಿ ಇಲ್ಲದಿದ್ದರೆ ಎರಡೂ ಬೇರೆ ಬೇರೆ ದ್ವೀಪ. ಸೆಸ್ನಾದಂಥ ಲಘು ವಿಮಾನಗಳಲ್ಲಿ ಎಕ್ಸಾಸ್ಟ್ ಪೈಪಿಗೆ ಕ್ಲಿಪ್ ಹಾಕುವ ರೂಢಿ ಇದೆ, ಅದನ್ನು ನೋಡಿ ಇಲ್ಲೂ ಹಾಗೇ ಮಾಡುತ್ತಾರೆ. ರೋಟ್ಯಾಕ್ಸಿನ ಎಕ್ಸಾಸ್ಟ್ ಸ್ಪ್ರಿಂಗ್ ಹಾಕಿ ಬಾಲ್ ಜಾಯಿಂಟಿನ ಮೇಲೆ ಕೂರಿಸಿದ್ದು, ನಡುವೆ ಮಸಿ ಮತ್ತು ಪೇಸ್ಟ್ ಇರುತ್ತದೆ. ಸಂಪರ್ಕ ಇದೆ ಅಂತ ಅಳೆಯದೆ ನಂಬಬಾರದು. ಟ್ಯಾಂಕಿಗೆ ಹತ್ತಿರದ ಫ್ರೇಮ್ ಜೋಡಣೆಯಲ್ಲಿ ಹಾದುಹೋಗುವ ಒಂದು ಸ್ಟೀಲ್ ಬೋಲ್ಟ್ ಆರಿಸಿಕೊಳ್ಳಿ, ಅದಕ್ಕೆ ಸಣ್ಣ ಹಿತ್ತಾಳೆ ಇಲ್ಲವೇ ಸ್ಟೇನ್‌ಲೆಸ್ ಟ್ಯಾಗ್ ಕೂರಿಸಿ ಅದನ್ನೇ ಕಾಯಂ ಬಾಂಡಿಂಗ್ ಪಾಯಿಂಟ್ ಮಾಡಿ. ಹೊರೆ ಹೊರುವ ಬೋಲ್ಟ್ ಬಿಚ್ಚುವುದಾದರೆ ಅದು ವಿಮಾನದ ಮೆಂಟೆನೆನ್ಸ್ ನೋಡುವವರ ಕೈಯಲ್ಲೇ ಆಗಬೇಕು. ಟ್ಯಾಗಿನಿಂದ ಎಂಜಿನ್ ಬ್ಲಾಕಿಗೆ, ಫ್ರೇಮಿನ ಬೇರೆ ಬೋಲ್ಟುಗಳಿಗೆ, ಟ್ಯಾಂಕ್ ಬಾಯಿಯ ಲೋಹದ ರಿಂಗ್ ಇದ್ದರೆ ಅದಕ್ಕೂ ಅಳೆಯಿರಿ. ಸ್ಟ್ಯಾಟಿಕ್ ಹರಿದು ಹೋಗಲು 1 ಮೆಗಾಓಂ ಒಳಗಿದ್ದರೂ ಸಾಕು. ಆದರೆ ಲೋಹದಿಂದ ಲೋಹಕ್ಕೆ ನೇರ ದಾರಿ ಇದ್ದರೆ 10 ಓಂ ಒಳಗೇ ಇರಬೇಕು, ಅದಕ್ಕಿಂತ ಹೆಚ್ಚು ಬಂದರೆ ಎಲ್ಲೋ ತುಕ್ಕು ಇದೆ, ಇಲ್ಲ ಎಳೆ ತುಂಡಾಗಿದೆ ಎಂದು ಅರ್ಥ. ಪ್ರೊಪೆಲ್ಲರ್, ಪಿಟೋ ಟ್ಯೂಬ್ (ಹಾರುವ ವೇಗ ಅಳೆಯುವ ನಳಿಕೆ), ಆಂಟೆನಾ ಇವುಗಳಿಗೆ ಯಾವತ್ತೂ ಕ್ಲಿಪ್ ಬೇಡ.

ವೈರಿಗೆ 3 ಮಿಲಿಮೀಟರ್ ಸ್ಟೀಲ್ ವೈರ್ ರೋಪ್, ಮೇಲೆ ಪಾರದರ್ಶಕ ಪಿವಿಸಿ ಇರುವುದು ಒಳ್ಳೆಯದು. ಎಳೆ ಕಿತ್ತರೆ ಕಣ್ಣಿಗೆ ಕಾಣುತ್ತದೆ. ಮನೆ ವೈರಿಂಗಿನ ಒಂಟಿ ಎಳೆ ತಾಮ್ರ ಬೇಡ, ಹತ್ತು ಸಲ ಸುತ್ತಿ ಬಿಚ್ಚಿದರೆ ಒಳಗೇ ಮುರಿದು ಹೊರಗೆ ನೆಟ್ಟಗೆ ಕಾಣುತ್ತಿರುತ್ತದೆ. ತುದಿಗೆ ಲಗ್ ಕ್ರಿಂಪ್ ಮಾಡಿ, ಗಟ್ಟಿ ಸ್ಪ್ರಿಂಗಿನ, ಚೂಪು ಹಲ್ಲಿನ ಕ್ಲಿಪ್ ಹಾಕಿ. ತಿಂಗಳಿಗೊಮ್ಮೆ ಮೀಟರ್ ಇಟ್ಟುಕೊಂಡು ವೈರನ್ನು ಉದ್ದಕ್ಕೂ ಬಗ್ಗಿಸುತ್ತಾ ನೋಡಿ. ಮೀಟರಿನ ಅಂಕಿ ಕುಣಿದರೆ ವೈರ್ ಎಸೆಯಿರಿ.

ಸರಳಿನ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. 16 ಮಿಲಿಮೀಟರಿನ ಜಿಐ ಸರಳು 1.2 ಮೀಟರ್ ಇಳಿದಿದ್ದರೆ ಆಯಿತು. ಫೆಬ್ರವರಿಯಲ್ಲಿ ನಮ್ಮ ಕೆಂಪು ಮಣ್ಣು ಇಟ್ಟಿಗೆಯ ಹಾಗೆ ಒಣಗುತ್ತದೆ, ಬುಡಕ್ಕೆ ಒಂದು ಬಕೆಟ್ ನೀರು ಹಾಕಿ. ಮನೆ ಅರ್ಥಿಂಗಿನ ಹಾಗೆ ಕೆಲವೇ ಓಂ ಬರಬೇಕಾಗಿಲ್ಲ. ವಿಮಾನದ ಕೆಪ್ಯಾಸಿಟೆನ್ಸ್ 1,000 ಪಿಕೋಫ್ಯಾರಡ್ ಎಂದುಕೊಂಡು ದಾರಿಯಲ್ಲಿ 1 ಮೆಗಾಓಂ ಇದ್ದರೂ ಚಾರ್ಜ್ ಕೆಲವು ಮಿಲಿಸೆಕೆಂಡಿನಲ್ಲಿ ಇಳಿದುಹೋಗುತ್ತದೆ.

ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ರನ್‌ವೇ ಸುತ್ತ ಆನೆಗೆಂದು ಸೋಲಾರ್ ಬೇಲಿ ಇದ್ದರೆ ಅದರ ಅರ್ಥ್ ಸರಳನ್ನೇ ಇದಕ್ಕೂ ಬಳಸಬೇಡಿ, ಅದರಿಂದ ಕನಿಷ್ಠ 10 ಮೀಟರ್ ದೂರ ಇರಿ. ಬೇಲಿಗೆ ವಿದ್ಯುತ್ ಕೊಡುವ ಎನರ್ಜೈಸರ್ ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟಿನ ಪಲ್ಸ್ ಬಿಡುತ್ತದೆ, ಬೇಲಿಗೆ ಗಿಡ ತಾಗಿದ್ದರೆ ಆ ಪಲ್ಸ್ ವಾಪಸ್ ಬರುವುದು ಅದೇ ಸರಳಿನ ಮೂಲಕ. ಪಂಪ್‌ಸೆಟ್ಟಿನ ಅರ್ಥಿಗೂ ಜೋಡಿಸಬೇಡಿ.

ಬೆಟ್ಟದಗಾಳಿ

ಮೀಟರ್ ಇಟ್ಟು ನೋಡಿದೆ, ಪೈಪಿನಲ್ಲಿ ಓಪನ್. ಬೋಲ್ಟ್ ತಲೆಯಿಂದ ಎಂಜಿನ್ನಿಗೆ 0.4 ಓಂ ಬಂತು. ಇನ್ನೊಂದು ಪ್ರಶ್ನೆ: ಪ್ಲಾಸ್ಟಿಕ್ ಫನೆಲ್ ಬಿಟ್ಟು ಹಾರ್ಡ್‌ವೇರ್ ಅಂಗಡಿಯ ತಗಡಿನ ಫನೆಲ್ ತಂದರೆ ಆಗುತ್ತದಾ? ಟ್ಯಾಂಕೇ ಪ್ಲಾಸ್ಟಿಕ್ ಆದಾಗ ಬಾಂಡಿಂಗಿಗೆ ಏನು ಅರ್ಥ?

ರೆಕ್ಕೆ_ಮೆಕ್ಯಾನಿಕ್

ತಗಡಿನ ಫನೆಲ್ ತನ್ನಿ, ಆದರೆ ಕ್ಲಿಪ್ ಇಲ್ಲದೆ ಒಂದು ಸಲವೂ ಬಳಸಬೇಡಿ. ಪ್ಲಾಸ್ಟಿಕ್ ಬಾಯಿಯಲ್ಲಿ ಎಲ್ಲಿಗೂ ಜೋಡಿಸದೆ ಕೂರಿಸಿದ ಲೋಹದ ಫನೆಲ್ ಪ್ಲಾಸ್ಟಿಕ್ ಫನೆಲ್ಲಿಗಿಂತಲೂ ಕೆಟ್ಟದ್ದು. ಪ್ಲಾಸ್ಟಿಕ್ಕಿನ ಮೇಲಿನ ಚಾರ್ಜ್ ಕೂತಲ್ಲೇ ಕೂತಿರುತ್ತದೆ, ಒಂದು ಸಲಕ್ಕೆ ಸ್ವಲ್ಪ ಭಾಗ ಮಾತ್ರ ಹಾರುತ್ತದೆ. ಲೋಹದ ಮೇಲಿನದು ಒಂದೇ ಕಿಡಿಯಲ್ಲಿ ಪೂರ್ತಿ ಹೋಗುತ್ತದೆ. ಫನೆಲ್ಲಿನ ಕೆಪ್ಯಾಸಿಟೆನ್ಸ್ 20 ಪಿಕೋಫ್ಯಾರಡ್ ಹಿಡಿದರೂ 10,000 ವೋಲ್ಟಿಗೆ 1 ಮಿಲಿಜೂಲ್, ಹೊತ್ತಿಸಲು ಬೇಕಾದ್ದರ ಐದು ಪಟ್ಟು. ಹಾಗಂತ ಪ್ಲಾಸ್ಟಿಕ್ ಫನೆಲ್ ಸುರಕ್ಷಿತ ಅಂತಲ್ಲ, ಅದರಿಂದ ಹಾರುವ ಕಿಡಿಯೂ ಪೆಟ್ರೋಲ್ ಆವಿಗೆ ಸಾಕಾಗಬಹುದು. ಇಂಗಾಲ ಬೆರೆಸಿದ ಕಪ್ಪು ಕಂಡಕ್ಟಿವ್ ಪ್ಲಾಸ್ಟಿಕ್ಕಿನ ಫನೆಲ್, ನೀರು ತಡೆಯುವ ಜಾಲರಿ ಸಮೇತ ಸಿಗುತ್ತದೆ. ಅದಕ್ಕೂ ಕ್ಲಿಪ್ ಬೇಕೇ ಬೇಕು. ಕಪ್ಪಗಿರುವುದೆಲ್ಲ ಕಂಡಕ್ಟಿವ್ ಅಲ್ಲ, ಕೊಳ್ಳುವಾಗಲೇ ಅಂಚಿನಿಂದ ಅಂಚಿಗೆ ಮೀಟರ್ ಇಟ್ಟು ನೋಡಿ.

ಶಾಮಿ ಲೆದರ್ ಬಿಟ್ಟುಬಿಡಿ. ಒಣ ಚರ್ಮ, ಅದರಲ್ಲೂ ಈಗ ಸಿಗುವ ಸಿಂಥೆಟಿಕ್ ಶಾಮಿ, ಚಾರ್ಜ್ ಹುಟ್ಟಿಸುವುದರಲ್ಲಿ ಮುಂದು, ಹರಿಸುವುದರಲ್ಲಿ ಹಿಂದು. ಸೋಸಲು ಸಣ್ಣ ಕಣ್ಣಿನ ಸ್ಟೇನ್‌ಲೆಸ್ ಜಾಲರಿ ಫನೆಲ್ಲಿಗೇ ಬೆಸುಗೆ ಹಾಕಿದ್ದು ಇರಲಿ. ನೀರಿದೆಯೇ ಎಂದು ನೋಡಲು ಟ್ಯಾಂಕಿನ ತಳದ ಡ್ರೈನಿನಿಂದ ಸ್ವಲ್ಪ ಗಾಜಿನ ಲೋಟಕ್ಕೆ ಹಿಡಿಯಿರಿ.

ಪ್ಲಾಸ್ಟಿಕ್ ಟ್ಯಾಂಕಿನ ಪ್ರಶ್ನೆ ಒಳ್ಳೆಯ ಪ್ರಶ್ನೆ. ಫ್ರೇಮಿಗೆ ಎಷ್ಟು ವೈರ್ ಹಾಕಿದರೂ ಟ್ಯಾಂಕಿನೊಳಗಿನ ಪೆಟ್ರೋಲಿನಲ್ಲಿರುವ ಚಾರ್ಜಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ದಾರಿ ಕೊಡಬೇಕಾದರೆ ಪೆಟ್ರೋಲನ್ನು ಮುಟ್ಟುವ ಲೋಹ ಬೇಕು. ಫನೆಲ್ಲಿನ ಕೊಳವೆಯನ್ನು ಟ್ಯಾಂಕಿನ ತಳಕ್ಕೆ 2 ಸೆಂಟಿಮೀಟರ್ ಉಳಿಯುವಷ್ಟು ಉದ್ದ ಮಾಡಿಸಿ, ತುದಿ ಓರೆಯಾಗಿ ಕತ್ತರಿಸಿರಲಿ. ಇದರಿಂದ ಎರಡು ಲಾಭ: ಪೆಟ್ರೋಲ್ ಚಿಮ್ಮದೆ ತಳದಿಂದಲೇ ಏರುತ್ತದೆ, ಚಾರ್ಜ್ ಕೊಳವೆ ಹಿಡಿದು ಕ್ಲಿಪ್ಪಿನ ಮೂಲಕ ಹೊರಗೆ ಬರುತ್ತದೆ. ಟ್ಯಾಂಕಿನ ಹೊರಮೈಯನ್ನು ತುಂಬುವ ಮೊದಲು ಒಣ ಬಟ್ಟೆಯಲ್ಲಿ ಉಜ್ಜಿ ಒರೆಸಬೇಡಿ, ಒದ್ದೆ ಹತ್ತಿ ಬಟ್ಟೆ ಸಾಕು.

ವೇಗವೂ ಮುಖ್ಯ. ಕೊಳವೆಯ ತುದಿ ಮುಳುಗುವವರೆಗೆ ಸೆಕೆಂಡಿಗೆ 1 ಮೀಟರ್ ದಾಟಬಾರದು ಎನ್ನುವುದು ದೊಡ್ಡ ಟ್ಯಾಂಕರುಗಳಲ್ಲೂ ಪಾಲಿಸುವ ಅಳತೆ. 20 ಲೀಟರನ್ನು ಎರಡು ನಿಮಿಷದಲ್ಲಿ ಇಳಿಸಿದರೆ ಮುಕ್ಕಾಲು ಇಂಚಿನ ಕೊಳವೆಯಲ್ಲಿ 0.6 ಮೀಟರ್ ವೇಗ ಬರುತ್ತದೆ, ಅರ್ಧ ಇಂಚಿನದರಲ್ಲಿ 1.3 ಮೀಟರ್. ಮುಕ್ಕಾಲು ಇಂಚೇ ಇರಲಿ, ಅವಸರ ಬೇಡ.

ಮುಗಿದ ಮೇಲೆ ಅರ್ಧ ನಿಮಿಷ ಯಾಕೆ ಎಂದರೆ, ಚಾರ್ಜ್ ಇಳಿಯುವ ಕಾಲ ಇಂಧನದ ವಾಹಕತೆಯ ಮೇಲೆ ನಿಂತಿದೆ. ವಾಹಕತೆ ಮೀಟರಿಗೆ 1 ಪಿಕೋಸೀಮೆನ್ಸ್ ಇದ್ದರೆ ಮೂರನೇ ಒಂದು ಭಾಗಕ್ಕೆ ಇಳಿಯಲು 18 ಸೆಕೆಂಡ್ ಬೇಕು, 50 ಇದ್ದರೆ ಅರ್ಧ ಸೆಕೆಂಡೂ ಬೇಡ. ಜೆಟ್ ಇಂಧನಕ್ಕೆ ಇದಕ್ಕೆಂದೇ ಸ್ಟ್ಯಾಟಿಕ್ ತಗ್ಗಿಸುವ ದ್ರವ ಬೆರೆಸಿ 50ರಿಂದ 600ರ ನಡುವೆ ಇಡುತ್ತಾರೆ.

ತೋಟದಮನೆ_ಸಿದ್ದಾಪುರ

ಇಷ್ಟೆಲ್ಲ ಬೇಕಾ? ಬಂಕಿನಲ್ಲಿ ಬೈಕಿಗೆ ಹಾಕಿಸುವಾಗ ಯಾರೂ ಕ್ಲಿಪ್ ಹಾಕುವುದಿಲ್ಲ. ವೀಡ್ ಕಟರಿಗೂ ಹಾಗೇ ಸುರಿಯುತ್ತೇವೆ.

ವೈರಿಂಗ್_ಕುಶಾಲನಗರ

ಬಂಕಿನಲ್ಲಿ ಕ್ಲಿಪ್ಪಿನ ಕೆಲಸ ಪೈಪೇ ಮಾಡುತ್ತದೆ ಸರ್. ಆ ಹೋಸ್ ಕಂಡಕ್ಟಿವ್, ನಾಝಲ್ ಲೋಹದ್ದು, ಡಿಸ್ಪೆನ್ಸರ್ ಅರ್ಥ್ ಆಗಿದೆ. ನಾಝಲ್ ಬೈಕಿನ ಟ್ಯಾಂಕ್ ಬಾಯಿಗೆ ತಾಗಿದ ಕ್ಷಣ ಬಾಂಡಿಂಗ್ ಆಯಿತು. ಪ್ಲಾಸ್ಟಿಕ್ ಕ್ಯಾನ್, ಪ್ಲಾಸ್ಟಿಕ್ ಫನೆಲ್, ಪ್ಲಾಸ್ಟಿಕ್ ಟ್ಯಾಂಕ್ ಸಾಲಾಗಿ ಬಂದಾಗ ಆ ಮೂರೂ ಇಲ್ಲ. ವೀಡ್ ಕಟರಿಗೆ ಹೋಗುವುದು ಒಂದು ಲೀಟರಿನ ಆಸುಪಾಸು, ಕೂಡುವ ಚಾರ್ಜೂ ಅಷ್ಟಕ್ಕಷ್ಟೇ. ಒಂದೇ ಸಲಕ್ಕೆ 20 ಲೀಟರ್ ಇಳಿಸುವುದು ಬೇರೆ ಲೆಕ್ಕ. ಕೈಪಂಪಿಗೆ ಪಾರದರ್ಶಕ ಪಿವಿಸಿ ನಳಿಕೆ ಹಾಕಿಕೊಳ್ಳುವವರಿಗೂ ಇದೇ ಮಾತು, ಅದು ಪೂರ್ತಿ ಇನ್ಸುಲೇಟರ್. ಇಂಧನಕ್ಕೆಂದೇ ಮಾಡಿದ ಕಂಡಕ್ಟಿವ್ ರಬ್ಬರ್ ಹೋಸ್ ತನ್ನಿ.

ಹೂಮಳೆ

ತೇವದ ಮಾತಿಗೆ ಬರುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಬಟ್ಟೆಯ ಮೇಲೆ, ಕ್ಯಾನಿನ ಹೊರಮೈ ಮೇಲೆ ಚಾರ್ಜ್ ನಿಲ್ಲುವುದು ಕಷ್ಟ, ನಿಜ. ತೇವಾಂಶ 65 ಪರ್ಸೆಂಟ್ ದಾಟಿದರೆ ಮೇಲ್ಮೈಯ ತೆಳು ನೀರಿನ ಪದರವೇ ಚಾರ್ಜನ್ನು ಹರಿಸಿಬಿಡುತ್ತದೆ. ಆದರೆ ಪೆಟ್ರೋಲಿನ ಒಳಗೆ ಹುಟ್ಟುವ ಚಾರ್ಜಿಗೆ ಗಾಳಿಯ ತೇವದಿಂದ ಏನೂ ಆಗುವುದಿಲ್ಲ. ಮಳೆಗಾಲದಲ್ಲೂ ಅದು ಅಷ್ಟೇ ಹುಟ್ಟುತ್ತದೆ. ಹಾರಾಟ ಹೆಚ್ಚಿರುವುದೋ ಜನವರಿಯಿಂದ ಮಾರ್ಚ್ ತನಕ, ಕಾಫಿ ಕಣದಲ್ಲಿ ಹಣ್ಣು ಗರಿಗರಿ ಒಣಗುವ ಅದೇ ಹವೆಯಲ್ಲಿ. ಬೆಳಿಗ್ಗೆ ಮಂಜು ಸುರಿದು ಹುಲ್ಲು ಒದ್ದೆ, ಮಧ್ಯಾಹ್ನದ ಹೊತ್ತಿಗೆ ಎಲ್ಲ ಒಣ. ಬೆಳಿಗ್ಗೆ ಏನೂ ಆಗಲಿಲ್ಲ ಎಂದು ಮಧ್ಯಾಹ್ನಕ್ಕೆ ಧೈರ್ಯ ತಂದುಕೊಳ್ಳಬಾರದು.

ಬೆಳಗಿನ ಚಳಿಗೆ ಹಾಕಿದ ನೈಲಾನ್ ಜಾಕೆಟ್, ಫ್ಲೀಸ್ ಸ್ವೆಟರ್ ತುಂಬುವ ಜಾಗದಲ್ಲಿ ಬಿಚ್ಚಬೇಡಿ. ಬಿಚ್ಚುವಾಗಲೇ ಹೆಚ್ಚು ಚಾರ್ಜ್ ಹುಟ್ಟುತ್ತದೆ. ದೂರ ಹೋಗಿ ಬಿಚ್ಚಿ, ಹತ್ತಿ ಬಟ್ಟೆಯಲ್ಲಿ ಬಂದು, ಲೋಹ ಮುಟ್ಟಿ ಆಮೇಲೆ ಕೆಲಸ ಶುರು ಮಾಡಿ. ದಪ್ಪ ರಬ್ಬರ್ ಅಟ್ಟೆಯ ಗಮ್‌ಬೂಟು ನಿಮ್ಮನ್ನು ನೆಲದಿಂದ ಪೂರ್ತಿ ಬೇರ್ಪಡಿಸುತ್ತದೆ. ಆಂಟಿ ಸ್ಟ್ಯಾಟಿಕ್ ಸೇಫ್ಟಿ ಶೂ ಸಿಗುತ್ತದೆ, ಅದರ ರೆಸಿಸ್ಟೆನ್ಸ್ 1 ಲಕ್ಷ ಓಂನಿಂದ 100 ಕೋಟಿ ಓಂ ನಡುವೆ ಇರುತ್ತದೆ.

ಕ್ಯಾನ್ ತುಂಬಿಸುವಾಗಿನ ಅಪಾಯ ಇನ್ನೂ ಯಾರೂ ಹೇಳಿಲ್ಲ. ಪಿಕಪ್ಪಿನ ಹಿಂದೆ ಟಾರ್ಪಾಲ್ ಅಥವಾ ರಬ್ಬರ್ ಮ್ಯಾಟ್ ಮೇಲೆ ಇಟ್ಟುಕೊಂಡೇ ಕ್ಯಾನ್ ತುಂಬಿಸಬಾರದು. ಕೆಳಗಿಳಿಸಿ ನೆಲದ ಮೇಲಿಟ್ಟು, ನಾಝಲ್ ಕ್ಯಾನಿನ ಬಾಯಿಗೆ ತಾಗಿಸಿಕೊಂಡೇ ನಿಧಾನ ತುಂಬಿಸಬೇಕು. ದಾರಿಯುದ್ದಕ್ಕೂ ಟಾರ್ಪಾಲಿಗೆ ಉಜ್ಜಿಕೊಂಡು ಬಂದ ಕ್ಯಾನನ್ನು ಇಳಿಸಿ ಕೂಡಲೇ ತೆರೆಯಬೇಡಿ, ಕೆಲವು ನಿಮಿಷ ಹಾಗೇ ನೆಲದಲ್ಲಿರಲಿ. ಆಯಿಲ್ ಹಾಕಿ ಕುಲುಕಿದ ಮೇಲೂ ಹಾಗೇ. 582ಕ್ಕೆ 50ಕ್ಕೆ 1ರ ಪ್ರಮಾಣ, 20 ಲೀಟರಿಗೆ 400 ಮಿಲಿ. ಅಷ್ಟು ಆಯಿಲನ್ನು ಮೊದಲು ಖಾಲಿ ಲೋಹದ ಕ್ಯಾನಿಗೆ ಹಾಕಿಕೊಂಡು ಬಂಕಿಗೆ ಹೋದರೆ ಪೆಟ್ರೋಲ್ ಬೀಳುವಾಗಲೇ ಬೆರೆತುಕೊಳ್ಳುತ್ತದೆ, ಆಮೇಲೆ ಕುಲುಕುವುದು ಸ್ವಲ್ಪ ಸಾಕು.

ಇನ್ನು ಕಾನೂನು. 1934ರ ಪೆಟ್ರೋಲಿಯಂ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮಾರಾಟಕ್ಕಲ್ಲದ ಪೆಟ್ರೋಲ್ ಒಟ್ಟು 30 ಲೀಟರ್ ಮಾತ್ರ ಇಟ್ಟುಕೊಳ್ಳಬಹುದು. ಪಾತ್ರೆ ಲೋಹದ್ದಾದರೆ 25 ಲೀಟರ್ ಒಳಗೆ, ಗಾಜಿನದೋ ಪಿಂಗಾಣಿಯದೋ ಆದರೆ 1 ಲೀಟರ್ ಒಳಗೆ. ಪ್ಲಾಸ್ಟಿಕ್ಕಿನ ಹೆಸರೇ ಅಲ್ಲಿಲ್ಲ. ನಿಮ್ಮ 20 ಲೀಟರಿನ ಎರಡು ಪ್ಲಾಸ್ಟಿಕ್ ಕ್ಯಾನು ಎರಡೂ ಕಡೆ ತಪ್ಪುತ್ತದೆ. ಲೋಹದ ಒಂದು ಕ್ಯಾನು ತಂದರೆ ಕಾನೂನೂ ಆಯಿತು, ಬಾಂಡಿಂಗೂ ಆಯಿತು.

ರೆಕ್ಕೆ_ಮೆಕ್ಯಾನಿಕ್

ಹೂಮಳೆಯವರ ಮಾತಿಗೆ ಒಂದು ಸೇರ್ಪಡೆ. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ ಎಥನಾಲ್ 20 ಪರ್ಸೆಂಟ್ ವರೆಗೆ ಇರುತ್ತದೆ. ಎಥನಾಲ್ ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಅಂಥ ಪೆಟ್ರೋಲಿನಲ್ಲಿ ಚಾರ್ಜ್ ಬೇಗ ಇಳಿಯುತ್ತದೆ. ಆದರೆ ಎಂಜಿನ್ನಿಗೆ ಎಷ್ಟು ಎಥನಾಲ್ ಆಗುತ್ತದೆ ಎನ್ನುವುದು ಬೇರೆ ವಿಷಯ, ಆಪರೇಟರ್ಸ್ ಮ್ಯಾನ್ಯುಯಲ್ಲಿನ ಮಿತಿಯನ್ನೇ ಹಿಡಿಯಿರಿ. ಆ ಕಾರಣಕ್ಕೆ ಎಥನಾಲ್ ಇಲ್ಲದ ಪೆಟ್ರೋಲಿಗೋ ಆವ್‌ಗ್ಯಾಸಿಗೋ (ವಿಮಾನಕ್ಕೆಂದೇ ಮಾಡಿದ ಪೆಟ್ರೋಲ್) ಹೋದವರು ಸ್ಟ್ಯಾಟಿಕ್ ವಿಷಯದಲ್ಲಿ ಮೊದಲಿಗಿಂತ ಹೆಚ್ಚು ಜಾಗ್ರತೆಯಾಗಬೇಕು. ಎಥನಾಲ್ ಇದೆಯೇ ಎಂದು ನೋಡಲು ಅಳತೆಯ ಗಾಜಿನ ಕೊಳವೆಗೆ 10 ಮಿಲಿ ನೀರು, 90 ಮಿಲಿ ಪೆಟ್ರೋಲ್ ಹಾಕಿ ಕುಲುಕಿ ನಿಲ್ಲಿಸಿ. ತಳದ ನೀರಿನ ಮಟ್ಟ 10 ದಾಟಿ ಏರಿದರೆ ಎಥನಾಲ್ ಇದೆ.

ಬೆಂಕಿ ಆರಿಸಲು 6 ಕೆಜಿಯ ಡ್ರೈ ಪೌಡರ್ ಸಿಲಿಂಡರ್ ಗಾಳಿ ಬರುವ ಕಡೆ, ನಾಲ್ಕೈದು ಹೆಜ್ಜೆ ದೂರದಲ್ಲಿ, ಪಿನ್ ಕೈಗೆ ಸಿಗುವ ಹಾಗೆ ಇರಲಿ. ಟ್ಯಾಂಕಿನ ಬಾಯಲ್ಲಿ ಉರಿ ಕಂಡರೆ ಸುರಿಯುವುದನ್ನು ನಿಲ್ಲಿಸಿ, ಆದರೆ ಫನೆಲ್ಲನ್ನೋ ನಾಝಲನ್ನೋ ಎಳೆದು ಎಸೆಯಬೇಡಿ. ಎಳೆದರೆ ಉರಿಯುವ ಪೆಟ್ರೋಲ್ ಮೈಮೇಲೂ ಹುಲ್ಲಿನ ಮೇಲೂ ಚೆಲ್ಲುತ್ತದೆ. ಕಾಫಿ ಹೂ ಬಿಡಿಸುವ ಬೇಸಿಗೆ ಮಳೆಯ ಕಾಲದಲ್ಲಿ ಗುಡುಗು ಕೇಳಿಸಿತೋ, ಮುಚ್ಚಳ ಹಾಕಿ ದೂರ ಹೋಗಿ. ಸಿಡಿಲಿಗೆ ಈ ಕ್ಲಿಪ್ಪುಗಳು ಯಾವ ರಕ್ಷಣೆಯೂ ಅಲ್ಲ.

ಬೆಟ್ಟದಗಾಳಿ

ಎಲ್ಲರಿಗೂ ತುಂಬಾ ಉಪಕಾರ. 20 ಲೀಟರಿನ ಸ್ಟೀಲ್ ಜೆರ್ರಿ ಕ್ಯಾನ್ ಒಂದು ಸಿಗುತ್ತದೆ, ಒಳಗೂ ಹೊರಗೂ ಬಣ್ಣ ಬಳಿದಿದೆ. ಕ್ಲಿಪ್ಪಿಗೆ ಏನು ಮಾಡಲಿ?

ವೈರಿಂಗ್_ಕುಶಾಲನಗರ

ರಂಧ್ರ ಮಾತ್ರ ಕೊರೆಯಬೇಡಿ. ಕ್ಯಾನ್ ಖಾಲಿ ಇರುವಾಗ, ಪೆಟ್ರೋಲ್ ತುಂಬುವ ಮೊದಲೇ, ಹಿಡಿಕೆಯ ಒಂದು ಅಂಚಿನಲ್ಲಿ ಎರಡು ಸೆಂಟಿಮೀಟರ್ ಜಾಗದ ಬಣ್ಣವನ್ನು ಮರಳು ಕಾಗದದಲ್ಲಿ ತಿಕ್ಕಿ ಲೋಹ ಕಾಣಿಸಿ. ಗ್ರೈಂಡರ್ ಹಿಡಿಯಬೇಡಿ. ತುಕ್ಕು ಹಿಡಿಯದ ಹಾಗೆ ಸ್ವಲ್ಪ ಗ್ರೀಸ್ ಸವರಿಡಿ, ಚೂಪು ಹಲ್ಲಿನ ಕ್ಲಿಪ್ ಅದನ್ನು ದಾಟಿಕೊಂಡು ಕಚ್ಚುತ್ತದೆ. ಸುರಿಯುವ ಮೂತಿ ಬೇರೆ ಸಿಕ್ಕಿಸುವಂಥದ್ದಾದರೆ ನಡುವೆ ರಬ್ಬರ್ ವಾಷರ್ ಇರುತ್ತದೆ, ಹಿಡಿಕೆಯಿಂದ ಮೂತಿಯ ತುದಿಗೆ ಅಳೆಯಿರಿ. ಓಪನ್ ಬಂದರೆ ಕ್ಯಾನಿನಿಂದ ಮೂತಿಗೆ ಒಂದು ಗೇಣು ವೈರ್ ಬೇರೆಯಾಗಿ ಹಾಕಬೇಕಾಗುತ್ತದೆ.